ನೆಲ್ಲಿಕಾಯಿ ಹೆಚ್ಚೋ, ನುಗ್ಗೆಸೊಪ್ಪು ಹೆಚ್ಚೋ?

ಮೊನ್ನೆ ಸಂಘದ ಗೋದಾಮಿನ ಜಗಲಿಯಲ್ಲಿ ಗೊಬ್ಬರಕ್ಕಾಗಿ ಕಾದು ಕುಳಿತಿದ್ದ ಇಬ್ಬರು ಸದಸ್ಯರ ನಡುವೆ ಸಣ್ಣದೊಂದು ಚರ್ಚೆ ನಡೆಯಿತು. "ನೆಲ್ಲಿಕಾಯಿಯ ಮುಂದೆ ಬೇರೆ ಯಾವುದೂ ಇಲ್ಲ ಮಾರಾಯ್ರೇ, ಹಿರಿಯರು ಸುಮ್ಮನೆ ಹೇಳಿದ್ದಲ್ಲ" ಎಂದರು ಒಬ್ಬರು. "ನಿಮ್ಮ ನೆಲ್ಲಿಕಾಯಿ ಇರಲಿ, ನಮ್ಮ ಹಿತ್ತಿಲ ನುಗ್ಗೆಸೊಪ್ಪಿನಲ್ಲಿ ಇಲ್ಲದ್ದು ಯಾವುದಿದೆ, ಹೇಳಿ ನೋಡುವಾ" ಎಂದರು ಇನ್ನೊಬ್ಬರು. ತೀರ್ಪು ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಅಂಕಿಅಂಶಗಳನ್ನು ತೆಗೆದು ನೋಡಿದಾಗ ತೀರ್ಪಿಗಿಂತಲೂ ಮುಖ್ಯವಾದ ಮಾತೊಂದು ಕಂಡುಬಂದುದರಿಂದ ಅದನ್ನು ಎಲ್ಲ ಸದಸ್ಯರ ಮುಂದಿಡುತ್ತಿದ್ದೇವೆ.

ಪಟ್ಟಿ ಹೇಳುವುದೇನು?

ನಮ್ಮ ದೇಶದ ಆಹಾರ ಪದಾರ್ಥಗಳನ್ನು ಪರೀಕ್ಷಿಸಿ, ಅವುಗಳ ಸತ್ವವನ್ನು ಅಂಕಿಗಳಲ್ಲಿ ಪ್ರಕಟಿಸುತ್ತ ಬಂದಿರುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ೨೦೧೭ರಲ್ಲಿ ಅದು ಹೊರತಂದ ಪಟ್ಟಿಯ ಪ್ರಕಾರ ೧೦೦ ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು ೨೫೦ ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಅಷ್ಟೇ ತೂಕದ ನುಗ್ಗೆಸೊಪ್ಪಿನಲ್ಲಿ ಇರುವುದು ಸುಮಾರು ೧೧೦ ಮಿಲಿಗ್ರಾಂ. ಇದೇ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಈ ಅಂಕಿಗಳು ೬೦೦ ಮತ್ತು ೨೨೦ ಎಂದಿದ್ದವು. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ತಳಿ, ಕಾಯಿ ಬಲಿತ ಹಂತ, ಪರೀಕ್ಷೆಯ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಎರಡೂ ಪಟ್ಟಿಗಳಲ್ಲಿ ಮೇಲುಗೈ ಮಾತ್ರ ನೆಲ್ಲಿಕಾಯಿಯದೇ.

ಉಳಿದ ಅಂಶಗಳಿಗೆ ಬಂದರೆ ತಕ್ಕಡಿ ಸೊಪ್ಪಿನ ಕಡೆ ವಾಲುತ್ತದೆ. ಹೊಸ ಪಟ್ಟಿಯಂತೆ ೧೦೦ ಗ್ರಾಂ ಸೊಪ್ಪಿನಲ್ಲಿ ಸಸಾರಜನಕ ೬ ಗ್ರಾಂಗೂ ಮಿಕ್ಕಿ, ಸುಣ್ಣದ ಅಂಶ ೩೦೦ ಮಿಲಿಗ್ರಾಂಗೂ ಮಿಕ್ಕಿ, ಕಬ್ಬಿಣ ಸುಮಾರು ನಾಲ್ಕೂವರೆ ಮಿಲಿಗ್ರಾಂ. ನೆಲ್ಲಿಕಾಯಿಯಲ್ಲಿ ಸಸಾರಜನಕ ಅರ್ಧ ಗ್ರಾಂ ಮೀರದು, ಸುಣ್ಣದ ಅಂಶ ೫೦ ಮಿಲಿಗ್ರಾಂ ಮೀರದು, ಕಬ್ಬಿಣ ಒಂದು ಮಿಲಿಗ್ರಾಂನ ಆಸುಪಾಸು. ಕಣ್ಣಿಗೆ ಬೇಕಾದ 'ಎ' ಜೀವಸತ್ವವನ್ನು ಕೊಡುವ ಕ್ಯಾರೊಟೀನ್ ಸೊಪ್ಪಿನಲ್ಲಿ ಧಾರಾಳವಾಗಿದೆ, ನೆಲ್ಲಿಯಲ್ಲಿ ಇಲ್ಲವೆಂದರೂ ಸರಿ.

ಹಾಗಾದರೆ ಸೊಪ್ಪೇ ಗೆದ್ದಿತೆ? ಅಲ್ಲಿಯೇ ಇರುವುದು ವಿಷಯ.

ತಟ್ಟೆಯಲ್ಲಿರುವುದೆಲ್ಲ ರಕ್ತಕ್ಕೆ ಸೇರದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (೨೦೧೯-೨೧) ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಪ್ರತಿ ನೂರು ಹೆಂಗಸರಲ್ಲಿ ಸುಮಾರು ೪೮ ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ನೂರಕ್ಕೆ ೬೫ರಷ್ಟು. ಇದು ಬೇರೆ ಯಾರದೋ ಮನೆಯ ಮಾತಲ್ಲ. ಅಡಿಕೆ ಸುಲಿಯುವ, ಕಾಫಿ ಹಣ್ಣು ಕೊಯ್ಯುವ ಕೈಗಳು ಮಧ್ಯಾಹ್ನಕ್ಕೇ ಸೋತು ಹೋಗುವುದನ್ನು, ಮನೆಯಾಕೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವುದನ್ನು ನಾವು "ಕೆಲಸದ ಸುಸ್ತು" ಎಂದು ತಳ್ಳಿಹಾಕುತ್ತೇವೆ.

ಸೊಪ್ಪು, ಧಾನ್ಯ, ಬೇಳೆಗಳಲ್ಲಿರುವ ಕಬ್ಬಿಣವನ್ನು ನಮ್ಮ ಶರೀರ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ತಿಂದುದರಲ್ಲಿ ಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತದೆ. ಅದೇ ಊಟದಲ್ಲಿ 'ಸಿ' ಜೀವಸತ್ವ ಇದ್ದರೆ ಈ ಹೀರಿಕೆ ಹೆಚ್ಚುತ್ತದೆ. ಸೊಪ್ಪಿನಲ್ಲಿ ಕಬ್ಬಿಣವಿದೆ, ಅದನ್ನು ರಕ್ತಕ್ಕೆ ತಲುಪಿಸಲು ನೆಲ್ಲಿಕಾಯಿಯ ನೆರವು ಬೇಕು. ಸೊಪ್ಪಿನಲ್ಲೂ 'ಸಿ' ಇದೆಯಲ್ಲ ಎನ್ನಬಹುದು. ಆದರೆ ಸೊಪ್ಪನ್ನು ಬೇಯಿಸಿಯೇ ತಿನ್ನಬೇಕು, ಬೇಯಿಸಿದಾಗ ಈ ಜೀವಸತ್ವ ಬಹಳಷ್ಟು ನಷ್ಟವಾಗುತ್ತದೆ. ನೆಲ್ಲಿಕಾಯಿಯನ್ನಾದರೆ ಹಸಿಯಾಗಿಯೇ ತಿನ್ನಬಹುದು.

ಕಾಫಿ ಬೆಳೆಗಾರರಿಗೆ ಒಂದು ಕಿವಿಮಾತು

ಕಾಫಿ ಬೆಳೆಯುವ ನಾವೇ ಇದನ್ನು ಹೇಳಬೇಕಾಗಿದೆ. ಅಮೆರಿಕದಲ್ಲಿ ೧೯೮೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಲಿನ ಮಾಂಸದ ಊಟದೊಡನೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇಕಡಾ ೩೯ರಷ್ಟು ಇಳಿಯಿತು. ಚಹಾ ಕುಡಿದಾಗ ಇಳಿದದ್ದು ಶೇಕಡಾ ೬೪. ಊಟದ ಒಂದು ಗಂಟೆ ಬಳಿಕ ಕಾಫಿ ಕುಡಿದರೂ ಅಷ್ಟೇ ಇಳಿಕೆ ಕಂಡಿತು. ಆದರೆ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಇಳಿಕೆ ಕಾಣಲಿಲ್ಲ. ಆದುದರಿಂದ ಕಾಫಿ ಬಿಡಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು. ಎದ್ದೊಡನೆಯ ಕಾಫಿ ಇರಲಿ, ತಿಂಡಿ ಗಂಟೆ ಕಳೆದ ಮೇಲಾಗಲಿ. ಊಟದ ಬೆನ್ನಿಗೇ ಲೋಟ ಹಿಡಿಯುವ ರೂಢಿಯನ್ನು ಮನೆಯಲ್ಲೂ ಲೈನಿನಲ್ಲೂ ಬಿಡಿಸುವುದು ಲೇಸು.

ಅಡಿಗೆ ಮನೆಯಲ್ಲಿ

ನುಗ್ಗೆಸೊಪ್ಪನ್ನು ಬೇಯಿಸಿದ ನೀರು ಚೆಲ್ಲಬೇಡಿ, ಸಾರಿಗೆ ಬಳಸಿ. ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಇರಲಿ; ಕ್ಯಾರೊಟೀನ್ ಮೈಗೆ ಹತ್ತಲು ಜಿಡ್ಡು ಬೇಕು. ಪಕ್ಕದಲ್ಲಿ ಹಸಿ ನೆಲ್ಲಿಕಾಯಿಯ ಚಟ್ನಿಯನ್ನೋ ತಂಬುಳಿಯನ್ನೋ ಬಡಿಸಿ. ಸುಮಾರು ೩೦ ಗ್ರಾಂ ಹಸಿ ತಿರುಳಿನಲ್ಲಿ ಹೆಂಗಸರಿಗೆ ದಿನಕ್ಕೆ ಬೇಕಾದ ೬೫ ಮಿಲಿಗ್ರಾಂ 'ಸಿ' ಸಿಕ್ಕುತ್ತದೆ. ನೆಲ್ಲಿಚಟ್ಟು ರುಚಿಗೆ ಬಲು ಸೊಗಸು. ಆದರೆ ಒಣಗಿಸುವಾಗ ಈ ಸತ್ವ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ನೆಲ್ಲಿಯ ಕಾಲ ಮುಗಿದ ಮೇಲೆ ನಿಂಬೆರಸವಾದರೂ ಸರಿ, ಸೀಬೆಹಣ್ಣಾದರೂ ಸರಿ.

ಇಷ್ಟರಿಂದಲೇ ರಕ್ತಹೀನತೆ ವಾಸಿಯಾಗುತ್ತದೆಂದು ನಾವು ಹೇಳುವುದಿಲ್ಲ. ವಯಸ್ಕ ಹೆಂಗಸರಿಗೆ ದಿನಕ್ಕೆ ೨೯ ಮಿಲಿಗ್ರಾಂ ಕಬ್ಬಿಣ ಬೇಕೆಂದು ೨೦೨೦ರ ಶಿಫಾರಸು ಹೇಳುತ್ತದೆ. ನೂರು ಗ್ರಾಂ ಸೊಪ್ಪು ಅದರ ಆರನೆಯ ಒಂದು ಪಾಲೂ ಅಲ್ಲ. ಸುಸ್ತು, ಏದುಸಿರು ಇದ್ದವರು ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳಲೇಬೇಕು. ಆ ಮಾತ್ರೆಯನ್ನೂ ಕಾಫಿ, ಚಹಾದೊಡನೆ ನುಂಗಬಾರದು. ಬರಿಗಾಲಲ್ಲಿ ಒದ್ದೆ ನೆಲದಲ್ಲಿ ತಿರುಗುವವರಿಗೆ ಕೊಕ್ಕೆಹುಳುವಿನ ಕಾಟದಿಂದಲೂ ರಕ್ತ ಕುಂದುತ್ತದೆ. ಆಳುಕಾಳುಗಳಿಗೆ ಚಪ್ಪಲಿ ಕೊಡಿಸುವುದು ದಂಡದ ಖರ್ಚಲ್ಲ.

ಎಲ್ಲಿ ನೆಡಬೇಕು?

ಎರಡೂ ಮರಗಳಿಗೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನೀರು ನಿಂತರೆ ನುಗ್ಗೆಯ ಬೇರು ಬೇಗ ಕೊಳೆಯುತ್ತದೆ. ತೋಟದ ದಟ್ಟ ನೆರಳಿಗಿಂತ ಮನೆಯ ಹಿತ್ತಿಲಿನ ಏರು ಜಾಗವೇ ಅದಕ್ಕೆ ಒಳ್ಳೆಯದು. ಕೈಗೆಟಕುವ ಎತ್ತರಕ್ಕೆ ಸವರುತ್ತ ಬಂದರೆ ಎಳೆಯ ಸೊಪ್ಪು ಸಿಗುತ್ತದೆ. ಕಸಿ ನೆಲ್ಲಿ ನೆಡುವವರು ಒಂದೇ ತಳಿಯ ಬದಲು ಎರಡು ಬೇರೆ ಬೇರೆ ತಳಿಯ ಗಿಡ ನೆಟ್ಟರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಮುಖ್ಯವಾಗಿ ಬೋರ್ಡೋ ದ್ರಾವಣವಾಗಲಿ ಕೀಟನಾಶಕವಾಗಲಿ ಹಾರಿ ಬೀಳುವ ಕಡೆ ತಿನ್ನುವ ಸೊಪ್ಪು ಬೆಳೆಸಬೇಡಿ.

ನೆಲ್ಲಿಕಾಯಿ ಬಲಿಯುವ ಕಾರ್ತಿಕದಿಂದ ಮಾಘದ ತನಕವೇ ನಮ್ಮ ಅಡಿಕೆ, ಕಾಫಿ ಕೊಯ್ಲು. ಮನೆಯ ಹೆಂಗಸರಿಗೆ, ಆಳುಗಳಿಗೆ ಮೈಮುರಿಯುವ ದುಡಿಮೆ. ಬೇಕಾದ ಕಾಲಕ್ಕೇ ಬೇಕಾದ ಕಾಯಿ ಕೈಗೆ ಬರುತ್ತದೆ.

ಜಗಲಿಯ ಇಬ್ಬರು ಸದಸ್ಯರಿಗೂ ನಮ್ಮ ತೀರ್ಪು ಇಷ್ಟೇ: ಇಬ್ಬರೂ ಗೆದ್ದಿದ್ದೀರಿ. ಒಬ್ಬರು ನೆಲ್ಲಿ ಸಸಿ ಕೊಡಿ, ಇನ್ನೊಬ್ಬರು ನುಗ್ಗೆಯ ಕೊಂಬೆ ಕೊಡಿ. ಎರಡೂ ಹಿತ್ತಿಲಲ್ಲಿ ಎರಡೂ ಬೆಳೆಯಲಿ.