ಸರ್ಕಾರಿ ಶಾಲೆಗಳ ಬಲವರ್ಧನೆ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಪೀಠಿಕೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿರುವ ಅಶೋಕನ ಶಾಸನಗಳಲ್ಲಿ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಆದೇಶವಿದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಕುವೆಂಪು ಅವರಂತಹ ಶಿಷ್ಯರಿಗೆ ಪಾಠ ಹೇಳಿದರು. ಗುರು-ಶಿಷ್ಯ ಸಂಬಂಧಕ್ಕೆ ಹೀಗೆ ಹೆಸರಾದ ಈ ಪ್ರದೇಶದಲ್ಲಿಯೂ, ರಾಜ್ಯದ ಇತರ ಭಾಗಗಳಂತೆ, ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ದೂರವಾಗುತ್ತಿರುವುದು ಚಿಂತನೆಗೆ ಒಳಪಡಬೇಕಾದ ಸಂಗತಿಯಾಗಿದೆ. ಇದಕ್ಕೆ ಕಾರಣಗಳೇನು, ಇದರಿಂದ ಶಾಲೆಯಲ್ಲಿ ಉಳಿದ ಮಕ್ಕಳಿಗೆ ಆಗುವ ನಷ್ಟವೇನು, ಹಾಗೂ ಪೋಷಕರು ಕಾನೂನಿನ ಚೌಕಟ್ಟಿನಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ದಾಖಲಾತಿ ಇಳಿಮುಖವಾಗಲು ಕಾರಣಗಳು

ಮೊದಲನೆಯ ಕಾರಣ ಇಂಗ್ಲಿಷ್ ಮಾಧ್ಯಮದ ಬಗೆಗಿನ ಒಲವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಶಾಲೆಗಳ ಮೇಲೆ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪು ನೀಡಿತು. ಮಾಧ್ಯಮದ ಆಯ್ಕೆ ಪೋಷಕರದ್ದಾಯಿತು.

ಎರಡನೆಯದಾಗಿ, ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಅವಕಾಶದಡಿ 2012-13ನೇ ಸಾಲಿನಿಂದ ಅನೇಕ ಬಡ ಮಕ್ಕಳು ಸರ್ಕಾರದ ವೆಚ್ಚದಲ್ಲಿಯೇ ಖಾಸಗಿ ಶಾಲೆಗಳಿಗೆ ಸೇರಿದರು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಈ ಅವಕಾಶವನ್ನು 2019-20ನೇ ಸಾಲಿನಿಂದ ನಿಯಮ ತಿದ್ದುಪಡಿಯ ಮೂಲಕ ಸೀಮಿತಗೊಳಿಸಲಾಯಿತು.

ಮೂರನೆಯದು ಜೀವನೋಪಾಯ. ಈ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ಶೇಂಗಾ ಬೆಳೆ ಕೈಕೊಟ್ಟ ವರ್ಷ ಕೂಲಿಗಾಗಿ ಗುಳೆ ಹೋಗುವ ಕುಟುಂಬಗಳ ಹಾಗೂ ಕುರಿ ಮೇಯಿಸಲು ಊರೂರು ಅಲೆಯುವ ಕುಟುಂಬಗಳ ಮಕ್ಕಳ ಹಾಜರಾತಿ ತಪ್ಪುತ್ತದೆ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಊರುಗಳಲ್ಲಿ ಮನೆಮಾತು ತೆಲುಗು ಆಗಿರುವ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಹೆಚ್ಚಿನ ಗಮನ ಬೇಕಾಗುತ್ತದೆ. ಆ ಗಮನ ನೀಡಲು ಶಿಕ್ಷಕರು ಇರಬೇಕು.

2. ಒಂದು ಮಗು ಶಾಲೆ ಬಿಟ್ಟರೆ ಆಗುವ ಪರಿಣಾಮ

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಇರತಕ್ಕದ್ದು. ಅಂದರೆ 61 ಮಕ್ಕಳಿರುವ ಶಾಲೆಯಿಂದ ಒಂದು ಮಗು ವರ್ಗಾವಣೆ ಪತ್ರ ಪಡೆದರೆ ಮೂರನೆಯ ಶಿಕ್ಷಕರು ಲೆಕ್ಕದಲ್ಲಿ ಹೆಚ್ಚುವರಿಯಾಗುತ್ತಾರೆ. ಹೆಚ್ಚುವರಿ ಶಿಕ್ಷಕರನ್ನು ಅಗತ್ಯವಿರುವ ಬೇರೆ ಶಾಲೆಗೆ ನಿಯೋಜಿಸಲಾಗುತ್ತದೆ. ಉಳಿದ ಇಬ್ಬರು ಐದು ತರಗತಿಗಳನ್ನು ನಡೆಸಬೇಕು. ಅವರಲ್ಲೊಬ್ಬರು ಮುಖ್ಯ ಶಿಕ್ಷಕರಾಗಿ ಬಿಸಿಯೂಟದ ಲೆಕ್ಕ, ದಾಖಲೆ ಮತ್ತು ಸಭೆಗಳನ್ನೂ ನೋಡಿಕೊಳ್ಳಬೇಕು. ಅವರು ಸಭೆಗೆ ಹೋದ ದಿನ ಶಾಲೆಯು ಏಕೋಪಾಧ್ಯಾಯ ಶಾಲೆಯಾಗುತ್ತದೆ.

ಬೋಧನೆ ಕುಂಠಿತವಾದುದನ್ನು ಕಂಡು ಇನ್ನೂ ಕೆಲವು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಅನುಕೂಲವಿದ್ದವರು ಮೊದಲು ಹೋಗುತ್ತಾರೆ. ಗೊಲ್ಲರಹಟ್ಟಿ, ತಾಂಡಾ ಹಾಗೂ ಕೂಲಿಕಾರರ ಕೇರಿಗಳ ಮಕ್ಕಳು ಉಳಿಯುತ್ತಾರೆ. ಶಾಲೆಯ ಬಗ್ಗೆ ಪ್ರಶ್ನೆ ಕೇಳಬಲ್ಲ ಪೋಷಕರೂ ಊರಿನ ಶಾಲೆಯಿಂದ ಹೊರಹೋದಂತಾಗುತ್ತದೆ. ಸರ್ಕಾರಿ ಶಾಲೆಯ ಅವನತಿಯ ನಿಜವಾದ ಹೊರೆ ಬೀಳುವುದು ಬೇರೆ ಆಯ್ಕೆಯೇ ಇಲ್ಲದ ಈ ಮಕ್ಕಳ ಮೇಲೆ.

3. ಕೊರೊನಾ ಕಾಲದ ಪಾಠ

ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳ ಪೈಕಿ ಸರ್ಕಾರಿ ಶಾಲೆಯಲ್ಲಿದ್ದವರ ಪ್ರಮಾಣ, 'ಅಸರ್' ಸಮೀಕ್ಷೆಯಂತೆ, 2018ರಲ್ಲಿ ಶೇಕಡ 65.6 ಇತ್ತು. 2022ರಲ್ಲಿ ಅದು ಶೇಕಡ 72.9ಕ್ಕೆ ಏರಿತು. 2024ರ ವೇಳೆಗೆ ಮತ್ತೆ ಶೇಕಡ 66.8ಕ್ಕೆ ಇಳಿಯಿತು. ಸಂಕಷ್ಟದ ಕಾಲದಲ್ಲಿ ಮರಳಿ ಬಂದ ಮಕ್ಕಳನ್ನು ಉಳಿಸಿಕೊಳ್ಳಲು ಶಾಲೆಗಳಿಗೆ ಸಾಧ್ಯವಾಗಲಿಲ್ಲ. ಉಚಿತ ಸೌಲಭ್ಯವು ಮಗುವನ್ನು ಶಾಲೆಗೆ ಕರೆತರುತ್ತದೆ, ಆದರೆ ಉಳಿಸಿಕೊಳ್ಳುವುದು ಬೋಧನೆಯೇ ಎಂಬುದನ್ನು ಇದರಿಂದ ಮನಗಾಣಬಹುದು.

4. ಪೋಷಕರು ತಿಳಿದಿರಬೇಕಾದ ಹಕ್ಕುಗಳು

ಅ) ಖಾಸಗಿ ಶಾಲೆಯ ಶುಲ್ಕ ಕಟ್ಟಲಾಗದೆ ವರ್ಷದ ನಡುವೆ ಹಿಂದಿರುಗುವ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನೀಡತಕ್ಕದ್ದು. ವರ್ಗಾವಣೆ ಪತ್ರ ತಡವಾಯಿತೆಂಬ ಅಥವಾ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ಆ) ಗುಳೆ ಹೋಗಿ ಬಂದ ಅಥವಾ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ವಿಶೇಷ ತರಬೇತಿಯ ಮೂಲಕ ಇತರರ ಮಟ್ಟಕ್ಕೆ ತರಬೇಕು.

ಇ) ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರದ ಹೊರತು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ.

ಈ) ಆರರಿಂದ ಎಂಟನೇ ತರಗತಿಗಳಿರುವಲ್ಲಿ ವಿಜ್ಞಾನ-ಗಣಿತ, ಸಮಾಜ ವಿಜ್ಞಾನ ಹಾಗೂ ಭಾಷೆಗೆ ತಲಾ ಒಬ್ಬರಾದರೂ ಶಿಕ್ಷಕರಿರಬೇಕು.

5. ಸುಧಾರಣೆಯಲ್ಲಿ ಎಸ್.ಡಿ.ಎಂ.ಸಿ. ಪಾತ್ರ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಾಜ್ಯದಲ್ಲಿ 2001ರಲ್ಲಿಯೇ ರಚಿಸಲಾಯಿತು. ಕಾಯ್ದೆಯಂತೆ ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಅನುದಾನದ ಬಳಕೆಯನ್ನು ಪರಿಶೀಲಿಸುವುದು ಇದರ ಕರ್ತವ್ಯ. ಆದರೆ ಸಭೆಗಳು ಕಟ್ಟಡ ಮತ್ತು ಸುಣ್ಣ-ಬಣ್ಣದ ಚರ್ಚೆಗೆ ಮಾತ್ರ ಸೀಮಿತವಾದರೆ ಮೂಲ ಉದ್ದೇಶ ಈಡೇರುವುದಿಲ್ಲ. ಪ್ರತಿ ಸಭೆಯಲ್ಲಿ ಮೂರು ವಿಷಯಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ: ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಒಂದು ವಾರಕ್ಕೂ ಮೀರಿ ಗೈರುಹಾಜರಾದ ಮಕ್ಕಳು ಯಾರು, ಐದನೇ ತರಗತಿಯ ಎಷ್ಟು ಮಕ್ಕಳು ಕನ್ನಡ ಪಾಠವನ್ನು ತಡವರಿಸದೆ ಓದಬಲ್ಲರು.

ಇಂಗ್ಲಿಷ್ ಕುರಿತ ಬೇಡಿಕೆಯನ್ನೂ ಇಲ್ಲಿಯೇ ಚರ್ಚಿಸಬಹುದು. ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷ್ ಭಾಷೆಯನ್ನು ಕಲಿಸಲಾಗುತ್ತಿದೆ. 2019-20ರಲ್ಲಿ ಆಯ್ದ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳಿಗೆ ಅವಕಾಶ ನೀಡಲಾಯಿತು. ಆದರೆ ಶಿಕ್ಷಕರ ಸಂಖ್ಯೆ ಸಾಲದಿದ್ದರೆ ಯಾವ ಮಾಧ್ಯಮದಲ್ಲಿಯೂ ಕಲಿಕೆ ಸಾಗದು. ಶಿಕ್ಷಕರ ತರಬೇತಿಗೆ ಹತ್ತಿರದಲ್ಲಿಯೇ ನೆಲೆಯೊಂದಿದೆ. ಚಳ್ಳಕೆರೆ ಸಮೀಪದ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ನೀಡಲಾಗುತ್ತಿದೆ.

6. ಅರ್ಜಿ ಮತ್ತು ದೂರು ಸಲ್ಲಿಸುವ ವಿಧಾನ

ಹುದ್ದೆ ಖಾಲಿ ಇದ್ದಲ್ಲಿ ಎಸ್.ಡಿ.ಎಂ.ಸಿ. ನಿರ್ಣಯದ ಪ್ರತಿಯೊಂದಿಗೆ ಚಳ್ಳಕೆರೆ ಅಥವಾ ಮೊಳಕಾಲ್ಮೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಖಾಲಿ ಹುದ್ದೆಯ ವಿವರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನ ಸಮಾಧಾನಕರವಾಗಿಲ್ಲದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

7. ಶಾಲೆ ಬದಲಿಸುವ ಮುನ್ನ

ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹಾಗೂ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದ ವೃತ್ತಿಶಿಕ್ಷಣ ಪ್ರವೇಶ ಮತ್ತು ಸರ್ಕಾರಿ ನೇಮಕಾತಿಗಳಲ್ಲಿ ನಿಯಮಾನುಸಾರ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯ ಶಿಕ್ಷಕರು ನೀಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡುತ್ತಾರೆ. ನಡುವೆ ಒಂದೆರಡು ವರ್ಷ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದಿದರೂ ಹತ್ತು ವರ್ಷಗಳ ಲೆಕ್ಕ ಮುರಿಯುತ್ತದೆ.

ಮೇಲಿನ ಸಂಗತಿಗಳನ್ನು ಪರಿಶೀಲಿಸಿದ ಬಳಿಕ ಶಾಲೆಯ ಆಯ್ಕೆ ಪೋಷಕರಿಗೆ ಬಿಟ್ಟದ್ದು. ಆದರೆ ವರ್ಗಾವಣೆ ಪತ್ರಕ್ಕೆ ಅರ್ಜಿ ಬರೆಯುವ ಮುನ್ನ ಖಾಲಿ ಹುದ್ದೆ ಭರ್ತಿಗೆ ಒಂದು ಮನವಿ ಬರೆಯುವುದು ಒಳಿತು. ಮೊದಲನೆಯದರಿಂದ ಒಂದು ಮಗುವಿನ ಶಾಲೆ ಬದಲಾಗುತ್ತದೆ. ಎರಡನೆಯದು ಫಲಿಸಿದರೆ ಊರಿನ ಎಲ್ಲ ಮಕ್ಕಳಿಗೂ ಶಿಕ್ಷಕರು ದೊರೆಯುತ್ತಾರೆ.