ಹೈಪರ್‌ಟೆನ್ಷನ್ ಎಂಬ ಅರಿಸಮಾಸ

ಬೆಳಿಗ್ಗೆ ಏಳರ ಹೊತ್ತಿಗೆ ಮೆಲ್ಕಾರ್ ಜಂಕ್ಷನ್ನಿನಲ್ಲಿ ನಿಂತರೆ ಬಿಳಿ ಕೋಟು ಮಡಚಿ ಚೀಲಕ್ಕೆ ತುರುಕಿಕೊಂಡ ಹುಡುಗ ಹುಡುಗಿಯರು ಮುಡಿಪು ದಾರಿಯ ಬಸ್ಸಿಗೆ ಕಾಯುವುದು ಕಾಣುತ್ತದೆ. ಕೆಲವರು ದೇರಳಕಟ್ಟೆಗೆ, ಕೆಲವರು ಮಂಗಳೂರಿಗೆ. ನರ್ಸಿಂಗ್, ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಹೀಗೆ ಒಬ್ಬೊಬ್ಬರದು ಒಂದೊಂದು ಕೋರ್ಸು. ಪಾಣೆಮಂಗಳೂರು, ನಂದಾವರ, ಕಲ್ಲಡ್ಕದ ಕಡೆಯ ಈ ಮಕ್ಕಳ ಮನೆಮಾತು ಬ್ಯಾರಿ, ತುಳು ಅಥವಾ ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಜಿಎನ್‌ಎಂ ನರ್ಸಿಂಗಿಗಂತೂ ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೂ ಪ್ರವೇಶ ಉಂಟು. ಅಂಥವರು ಮೊದಲ ವಾರವೇ ‘ಕೊಲೆಸಿಸ್ಟೆಕ್ಟಮಿ’ ಎಂಬ ಪದ ಎದುರಾದಾಗ ಮಾಡುವುದೇನು? ಬಾಯಿಪಾಠ. ಪುಟಗಟ್ಟಲೆ ಬಾಯಿಪಾಠ.

ಹಾಗೆ ಉರು ಹೊಡೆಯುವ ಅಗತ್ಯ ಇಲ್ಲ ಎಂಬುದು ನನ್ನ ವಾದ. ಅದಕ್ಕೆ ಈ ಪದಗಳು ಹುಟ್ಟಿದ ದಾರಿಯನ್ನು ಸ್ವಲ್ಪ ನೋಡಬೇಕು. ಆ ದಾರಿಯಲ್ಲಿ ಕರಾವಳಿಯವರಿಗೆ ಚೆನ್ನಾಗಿ ಪರಿಚಯವಿರುವ ಒಂದು ಊರು ಸಿಗುತ್ತದೆ: ಬಾಸೆಲ್.

ನಮಗೆ ಬಾಸೆಲ್ ಎಂದರೆ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದವರು, ಹಂಚು ಸುಟ್ಟವರು, ನೇಯ್ಗೆ ಕಲಿಸಿದವರು, 1843ರಲ್ಲಿ ‘ಮಂಗಳೂರ ಸಮಾಚಾರ’ ಅಚ್ಚು ಹಾಕಿದವರು. ವೈದ್ಯಲೋಕಕ್ಕೆ ಅದೇ ಬಾಸೆಲ್ ಬೇರೆ ಕಾರಣಕ್ಕೆ ಮುಖ್ಯ. ಮನುಷ್ಯದೇಹವನ್ನು ಕೊಯ್ದು ನೋಡಿ ವೆಸಾಲಿಯಸ್ ಲ್ಯಾಟಿನ್ನಿನಲ್ಲಿ ಬರೆದ ಮಹಾಗ್ರಂಥ 1543ರಲ್ಲಿ ಅಚ್ಚಾದದ್ದು ಅಲ್ಲಿ. ಆಮೇಲಿನ ಮುನ್ನೂರೈವತ್ತು ವರ್ಷಗಳಲ್ಲಿ ದೇಹದ ಒಂದೊಂದು ಭಾಗಕ್ಕೂ ಒಂದೊಂದು ದೇಶದವರು, ಒಂದೊಂದು ಗುರುವಿನ ಶಿಷ್ಯರು ತಮತಮಗೆ ತೋಚಿದ ಹೆಸರಿಟ್ಟರು. ಸುಮಾರು ಐದು ಸಾವಿರ ಭಾಗಗಳಿಗೆ ಐವತ್ತು ಸಾವಿರದಷ್ಟು ಹೆಸರುಗಳಾದವು. ಜರ್ಮನ್ ಅಂಗರಚನಾ ತಜ್ಞರ ಸಂಘ 1895ರಲ್ಲಿ ಬಾಸೆಲ್‌ನಲ್ಲಿ ಸೇರಿ, ಈ ರಾಶಿಯನ್ನು ಜಾಲಿಸಿ, ಒಂದು ಭಾಗಕ್ಕೆ ಒಂದೇ ಲ್ಯಾಟಿನ್ ಹೆಸರು ಎಂಬ ಪಟ್ಟಿಯನ್ನು ಒಪ್ಪಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, 1894ರಲ್ಲಿ, ಬಾಸೆಲ್ ಮಿಷನ್ನಿನ ಮಂಗಳೂರು ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಇನ್ನೂ ಒಂದು ವರ್ಷ ಹಿಂದೆ, 1893ರಲ್ಲಿ, ಷಿಕಾಗೊ ಸಭೆಯೊಂದರಲ್ಲಿ ಪ್ಯಾರಿಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಯೋನ್ ಸಾವಿನ ಕಾರಣಗಳ ಪಟ್ಟಿಯನ್ನು ಮುಂದಿಟ್ಟಿದ್ದ. ಇವತ್ತು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕಾಯಿಲೆಗೊಂದು ಸಂಕೇತ ಹಾಕುವ ಐಸಿಡಿ ಪದ್ಧತಿಯ ಮೂಲ ಅದು. ಹೆಸರುಗಳನ್ನು ಹೆಕ್ಕಿ ಸಾಲಾಗಿ ಜೋಡಿಸುವ ಹುಚ್ಚು ಆ ಕಾಲದ ಗಾಳಿಯಲ್ಲೇ ಇತ್ತೋ ಏನೋ.

ಕರಾವಳಿಗೆ ಈ ಮಾತುಗಳು ಬಂದದ್ದು ಆಸ್ಪತ್ರೆಗಳ ಮೂಲಕ. ಮಂಗಳೂರಿನ ವೆನ್ಲಾಕ್ 1848ರದ್ದು. ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡತೊಡಗಿದರು. ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಶ್ರಯವಾಯಿತು, 1902ರಲ್ಲಿ ಪ್ಲೇಗಿನ ಆಸ್ಪತ್ರೆ. ಹೋಮಿಯೋಪಥಿಯ ‘ನಕ್ಸ್ ವಾಮಿಕಾ’ ಎಂಬ ಲ್ಯಾಟಿನ್ ಹೆಸರಿನ ಸೀಸೆಯೊಳಗೆ ಇರುವುದು ನಮ್ಮ ಗುಡ್ಡದ ಕಾಸರಕನ ಬೀಜದ ಸತ್ವ. ಆಮೇಲೆ ಟಿ.ಎಂ.ಎ. ಪೈ ಅವರ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಮಣಿಪಾಲದಲ್ಲಿ, ಎರಡು ವರ್ಷಕ್ಕೆ ಮಂಗಳೂರಿನಲ್ಲಿ. ಅಲ್ಲಿಂದ ಮುಂದಿನದು ಎಲ್ಲರೂ ಕಂಡ ಕಥೆ. ಈಗ ಮೂಡುಬಿದಿರೆಯಲ್ಲಿ ಆಳ್ವಾಸ್, ಉಜಿರೆಯಲ್ಲಿ ಎಸ್‌ಡಿಎಂ, ದೇರಳಕಟ್ಟೆಯಲ್ಲಂತೂ ರಸ್ತೆಯ ಆಚೀಚೆ ವೈದ್ಯಕೀಯ ಕಾಲೇಜುಗಳು. ಕಟ್ಟಡ ಬಂತು, ಸೀಟು ಬಂತು. ಪದ ಕಲಿಸುವ ಕ್ರಮ ಮಾತ್ರ ಪಟ್ಟಿ ಕೊಟ್ಟು ಪರೀಕ್ಷೆ ಮಾಡುವಲ್ಲಿಗೇ ನಿಂತಿತು.

ಈಗ ಆ ಕೊಲೆಸಿಸ್ಟೆಕ್ಟಮಿಗೆ ಬರುವ. ಗ್ರೀಕಿನಲ್ಲಿ ‘ಕೊಲೆ’ ಎಂದರೆ ಪಿತ್ತ (ಹೆದರಬೇಡಿ), ‘ಸಿಸ್ಟ್’ ಚೀಲ, ‘ಎಕ್ಟಮಿ’ ಕೊಯ್ದು ತೆಗೆಯುವುದು. ಪಿತ್ತಕೋಶವನ್ನು ತೆಗೆಯುವ ಆಪರೇಷನ್, ಅಷ್ಟೆ. ಮೂರು ಪದ ಸೇರಿ ಒಂದಾದ ಸಮಾಸ. ನಡುವೆ ಸ್ವರ ಲೋಪವಾಗುವುದು, ಒಂದು ‘ಒ’ ಬಂದು ಸೇರುವುದು ಸಂಧಿಕಾರ್ಯ. ಹೈಸ್ಕೂಲಿನಲ್ಲಿ ತತ್ಪುರುಷ, ಬಹುವ್ರೀಹಿ ಎಂದು ಬಿಡಿಸಿ ಬರೆದು ಅಂಕ ತೆಗೆದ ಹುಡುಗಿಗೆ ಈ ಕೆಲಸ ಹೊಸತಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಬೆಳೆದವರಿಗೆ ಹೀಗೆ ಪದ ಒಡೆಯುವ ಅಭ್ಯಾಸ ಇರುವುದು ಕಡಿಮೆ ಎಂದೇ ನನ್ನ ಅನಿಸಿಕೆ.

ಇನ್ನೂ ಹತ್ತಿರದ ನಂಟು ಉಪಸರ್ಗಗಳಲ್ಲಿ ಉಂಟು. ಗ್ರೀಕು, ಲ್ಯಾಟಿನ್, ಸಂಸ್ಕೃತ ಒಂದೇ ಮೂಲದ ಭಾಷೆಗಳು. ಅವುಗಳ ಉಪಸರ್ಗಗಳು ಒಡಹುಟ್ಟಿದವು. ಸಂಸ್ಕೃತದವು ಕನ್ನಡದ ಮೂಲಕ ನಮ್ಮ ನಾಲಿಗೆಯಲ್ಲಿ ಆಗಲೇ ಇವೆ. ‘ಅನ್ಯಾಯ’ದ ‘ಅ’, ‘ಅನಾರೋಗ್ಯ’ದ ‘ಅನ್’ ಯಾವುದೋ ‘ಅನೀಮಿಯ’ದ ಮೊದಲ ಅಕ್ಷರವೂ ಅದೇ: ರಕ್ತ ಸಾಲದು. ‘ದುರ್ಗತಿ’ಯ ‘ದುರ್’ ಗ್ರೀಕಿನಲ್ಲಿ ‘ಡಿಸ್’. ‘ಡಿಸ್ಪ್ನಿಯ’ ಎಂದರೆ ಉಸಿರಿಗೆ ಬಂದ ದುರ್ಗತಿ. ‘ಪರಿಸರ’ದ ‘ಪರಿ’ ಅಲ್ಲಿ ‘ಪೆರಿ’. ‘ಪೆರಿಕಾರ್ಡಿಯಂ’ ಹೃದಯದ ಸುತ್ತಲಿನ ಹೊದಿಕೆ. ಆ ‘ಕಾರ್ಡಿಯ’ ಕೂಡ ನಮ್ಮ ‘ಹೃದಯ’ದ ದಾಯಾದಿ. ‘ಅಸ್ಥಿ’ ಅಲ್ಲಿ ‘ಆಸ್ಟಿಯೊ’, ‘ದಂತ’ ಅಲ್ಲಿ ‘ಒಡಾಂಟ್’ ಅಥವಾ ‘ಡೆಂಟ್’, ‘ಪ್ಲೀಹ’ ಅಲ್ಲಿ ‘ಸ್ಪ್ಲೀನ್’, ‘ಅಂತ್ರ’ ಅಲ್ಲಿ ‘ಎಂಟರೊ’. ಕರುಳಿನ ಮೊದಲ ತುಂಡಿಗೆ ಗ್ರೀಕರು ಹನ್ನೆರಡು ಬೆರಳಿನಷ್ಟು ಉದ್ದ ಎಂದು ಹೆಸರಿಟ್ಟರು. ಅವರ ‘ದೊದೆಕ’ ನಮ್ಮ ‘ದ್ವಾದಶ’. ಅದೇ ಲ್ಯಾಟಿನ್ನಿಗೆ ಹೋಗಿ ‘ಡಿಯೋಡಿನಂ’ ಆಯಿತು.

ವಾರ್ಡಿನಲ್ಲಿ ಹೊಸಬರು ಹೆಚ್ಚು ತಡವರಿಸುವುದು ‘ಹೈಪೊ’ ಮತ್ತು ‘ಹೈಪರ್’ ಎಂಬ ಜೋಡಿಯಲ್ಲಿ. ಫೋನಿನಲ್ಲಿ ಕೇಳಿದರೆ ಎರಡೂ ಒಂದೇ. ಆದರೆ ಹೈಪೊಗ್ಲೈಸೀಮಿಯ ಎಂದರೆ ಸಕ್ಕರೆ ಇಳಿದು ರೋಗಿ ಬೆವರುತ್ತಾ ಪ್ರಜ್ಞೆ ತಪ್ಪುವ ಸ್ಥಿತಿ, ಹೈಪರ್ ಎಂದರೆ ಏರಿದ್ದು. ಒಂದಕ್ಕೆ ಗ್ಲೂಕೋಸ್ ಕೊಡಬೇಕು, ಇನ್ನೊಂದಕ್ಕೆ ಇನ್ಸುಲಿನ್. ಅದಲು ಬದಲಾದರೆ ಪ್ರಾಣಕ್ಕೆ ಕುತ್ತು. ಇಲ್ಲೂ ‘ಉಪ’ ಮತ್ತು ‘ಉಪರಿ’ ನೆನಪಿಟ್ಟರೆ ಸಾಕು: ಉಪಾಧ್ಯಕ್ಷ ಅಧ್ಯಕ್ಷನಿಗಿಂತ ಕೆಳಗೆ, ಉಪರಿ ಎಂದರೆ ಮೇಲೆ. ಬಾಲದ ಕಡೆಯೂ ಎಚ್ಚರ ಬೇಕು. ಗ್ಯಾಸ್ಟ್ರೆಕ್ಟಮಿ ಜಠರ ತೆಗೆಯುವುದು, ಗ್ಯಾಸ್ಟ್ರಾಟಮಿ ಬರೇ ಕೊಯ್ದು ನೋಡುವುದು, ಗ್ಯಾಸ್ಟ್ರಾಸ್ಟಮಿ ಆಹಾರದ ಕೊಳವೆಗೆ ಕಿಂಡಿ ಮಾಡುವುದು. ಒಂದು ಅಕ್ಷರ ನುಂಗಿದರೆ ಆಪರೇಷನ್ನೇ ಬೇರೆ.

ನಂಟು ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. ಶಾಲೆಯ ವಿಜ್ಞಾನದಲ್ಲಿ ಸ್ಪ್ಲೀನ್‌ಗೆ ‘ಗುಲ್ಮ’ ಎಂದು ಓದಿದ್ದವರು ಆಯುರ್ವೇದ ಕಾಲೇಜಿಗೆ ಹೋದರೆ ಅಲ್ಲಿ ಗುಲ್ಮ ಎಂದರೆ ಹೊಟ್ಟೆಯೊಳಗಿನ ಗಡ್ಡೆಯಂಥ ಕಾಯಿಲೆ. ಕಿಡ್ನಿಗೆ ಒಮ್ಮೆ ‘ರೀನಲ್’, ಒಮ್ಮೆ ‘ನೆಫ್ರೊ’ ಎನ್ನುವುದು ಏಕೆಂದು ಮಕ್ಕಳು ಕೇಳುತ್ತಾರೆ. ಮೊದಲನೆಯದು ಲ್ಯಾಟಿನ್, ಎರಡನೆಯದು ಗ್ರೀಕು. ಪ್ರಾಚೀನ ವೈದ್ಯರಾದ ಹಿಪೊಕ್ರಾಟಿಸ್, ಗ್ಯಾಲನ್ ಬರೆದದ್ದು ಗ್ರೀಕಿನಲ್ಲಿ, ಹಾಗಾಗಿ ರೋಗದ ಹೆಸರುಗಳು ಹೆಚ್ಚಾಗಿ ಗ್ರೀಕು. ಅಂಗಗಳ ಪಟ್ಟಿ ಲ್ಯಾಟಿನ್ನಿನಲ್ಲಿ ಕಟ್ಟಿದ್ದರಿಂದ ಅಂಗದ ಹೆಸರುಗಳು ಲ್ಯಾಟಿನ್. ಎರಡೂ ಬೆರೆತು ಹುಟ್ಟಿದ ಕೂಸುಗಳೂ ಧಾರಾಳ ಉಂಟು. ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ‘ಅಪೆಂಡಿಸೈಟಿಸ್’ ಎಂಬ ಹೆಸರು ಕೊಟ್ಟಾಗ ಲ್ಯಾಟಿನ್ ತಲೆಗೆ ಗ್ರೀಕು ಬಾಲ ಅಂಟಿಸಿದ್ದ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕ ಇದೇ ಕಾಯಿಲೆಯಿಂದಾಗಿ ಮುಂದಕ್ಕೆ ಹೋಯಿತು. ಆಮೇಲೆ ಆ ಪದ ಎಲ್ಲರ ಬಾಯಿಗೆ ಬಂತು. ‘ಹೈಪರ್‌ಟೆನ್ಷನ್’ ಇನ್ನೊಂದು: ಹೈಪರ್ ಗ್ರೀಕು, ಟೆನ್ಷನ್ ಲ್ಯಾಟಿನ್. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅರಿಸಮಾಸ ಎಂದು ಹೆಸರು. ಸಂಸ್ಕೃತವನ್ನೂ ಕನ್ನಡವನ್ನೂ ಹಾಗೆ ಬೆರೆಸಬೇಡಿ ಎಂದು ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಹೇಳಿದ್ದ. ಅವನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಿಂದಲೇ ಪ್ರಕಟಿಸಿದರು. ಕೇಶಿರಾಜನ ಮಾತು ಕೇಳಿ ಜನ ‘ಮಳೆಗಾಲ’ ಎನ್ನುವುದನ್ನು ಬಿಡಲಿಲ್ಲ. ಬಿಪಿ ಪಟ್ಟಿ ಸುತ್ತುವ ನರ್ಸು ‘ಹೈಪರ್‌ಟೆನ್ಷನ್’ ಬಿಡುವುದೂ ಇಲ್ಲ.

ಕನ್ನಡದಲ್ಲಿ ವೈದ್ಯ ಬರೆಯುವುದೇನೂ ನಿನ್ನೆ ಮೊನ್ನೆಯ ಸಂಗತಿಯಲ್ಲ. ಹನ್ನೆರಡನೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ, ಹದಿನಾಲ್ಕನೆಯದರಲ್ಲಿ ಮಂಗರಾಜ ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ ಬರೆದ. ಇಬ್ಬರೂ ಜೈನರು. ಅಂಥ ಓಲೆಗರಿಗಳನ್ನು ಕಾಪಾಡಿದ ಊರುಗಳಲ್ಲಿ ಮೂಡುಬಿದಿರೆ ಮುಂಚೂಣಿಯಲ್ಲಿ ಉಂಟು. ಅಲ್ಲಿನ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ತಾಡವೋಲೆಗಳ ಸೂಚಿ 1948ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಆಧುನಿಕ ವೈದ್ಯದ ಮಾತನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ಡಾ. ಡಿ.ಎಸ್. ಶಿವಪ್ಪ ದೊಡ್ಡ ಹೆಸರು. ವೈದ್ಯಕ ಪದಗಳು ಹೇಗೆ ಹುಟ್ಟಿದವು, ಹೇಗೆ ಕಟ್ಟಿಕೊಂಡವು ಎಂಬುದರ ಬಗ್ಗೆಯೇ ಅವರು ಪುಸ್ತಕ ಬರೆದರು. ಅನುಪಮಾ ನಿರಂಜನ ‘ತಾಯಿ ಮಗು’ ಬರೆದು ಹೆರಿಗೆ ಕೋಣೆಯ ಮಾತನ್ನು ಅಡುಗೆಮನೆಗೆ ತಲುಪಿಸಿದರು.

ಪಠ್ಯಪುಸ್ತಕದ ಕನ್ನಡ ಪದಗಳನ್ನು ಗೇಲಿ ಮಾಡುವುದು ಒಂದು ಫ್ಯಾಷನ್. ‘ಹೃತ್ಕರ್ಣ’, ‘ಹೃತ್ಕುಕ್ಷಿ’ ಎಂದರೆ ನಗುವವರಿದ್ದಾರೆ. ಆದರೆ ಆರಿಕಲ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಕಿವಿ, ವೆಂಟ್ರಿಕಲ್ ಎಂದರೆ ಪುಟ್ಟ ಹೊಟ್ಟೆ. ಹೃತ್ಕರ್ಣ ಓದಿದವಳಿಗೆ ಆರಿಕಲ್ ಅರ್ಧ ಗೊತ್ತಾದಂತೆಯೇ. ಆ ಸೇತುವೆಯನ್ನು ಕಾಲೇಜು ಬಾಗಿಲಲ್ಲೇ ಮುರಿಯುವುದು ಯಾವ ಜಾಣತನ?

ಇಷ್ಟೆಲ್ಲ ಕಲಿತ ಮೇಲೆ ಇಳಿದು ಬರಬೇಕಾದದ್ದು ಜನರ ಮಾತಿಗೆ. ಕೇಸ್ ಶೀಟಿನಲ್ಲಿ ‘ಅಬ್ಡಾಮಿನಲ್ ಪೇಯ್ನ್’ ಎಂದು ಬರೆಯುವ ಮೊದಲು ಅಜ್ಜಿ ತುಳುವಿನಲ್ಲಿ ‘ಬಂಜಿ ಬೇನೆ’ ಎಂದದ್ದು ತಿಳಿಯಬೇಕು. ‘ತರೆ ಬೇನೆ’ ಬೇರೆ, ‘ತರೆ ತಿರ್ಗುಂಡು’ ಬೇರೆ. ಒಂದು ತಲೆನೋವು, ಇನ್ನೊಂದು ತಲೆಸುತ್ತು. ‘ಗ್ಯಾಸ್ಟ್ರಿಕ್’ ಎಂದರೆ ಡಾಕ್ಟರಿಗೆ ಜಠರಕ್ಕೆ ಸಂಬಂಧಿಸಿದ್ದು, ನಮ್ಮಲ್ಲಿ ಅದೇ ಒಂದು ರೋಗ. ‘ನನಗೆ ಬಿಪಿ ಇಲ್ಲ’ ಎಂದು ರೋಗಿ ಹೇಳಿದರೆ ಗಾಬರಿಯಾಗಬೇಕಿಲ್ಲ. ಜನರ ಹೆಸರುಗಳು ಕೆಲವೊಮ್ಮೆ ಪುಸ್ತಕದ ಹೆಸರಿಗೆ ಸಮನಾಗಿ ನಿಲ್ಲುತ್ತವೆ: ‘ಹರ್ಪಿಸ್’ ಬಂದದ್ದು ಹರಿದಾಡು ಎಂಬ ಧಾತುವಿನಿಂದ, ‘ಸರ್ಪ’ಕ್ಕೂ ಅದಕ್ಕೂ ಬೇರು ಒಂದೇ, ‘ಝಾಸ್ಟರ್’ ಸೊಂಟಪಟ್ಟಿ. ‘ಹರ್ಪಿಸ್ ಝಾಸ್ಟರ್’ ಎಂಬ ಕಾಯಿಲೆಯನ್ನು ತುಳುನಾಡು ಸರ್ಪಸುತ್ತು ಎನ್ನುತ್ತದೆ.

ಕರ್ನಾಟಕದ ಹೆಸರೂ ವಿಶ್ವದ ವೈದ್ಯಕೋಶದಲ್ಲಿ ಸೇರಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರ ಬಿದ್ದರು. ವಿಜ್ಞಾನಿಗಳು ಇಟ್ಟ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಜನ ಕರೆದದ್ದು ಮಂಗನ ಕಾಯಿಲೆ. 1982-83ರಲ್ಲಿ ಅದು ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಯ ಕಡೆ ಹಬ್ಬಿ ಅನೇಕರನ್ನು ಬಲಿ ತೆಗೆದುಕೊಂಡಿತು. ಹೊಸ ರೋಗಕ್ಕೆ ಊರಿನ, ಪ್ರಾಣಿಯ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ ಲೆಕ್ಕದಲ್ಲಿ ಈಗಾದರೆ ಎರಡು ಹೆಸರೂ ತಿರಸ್ಕೃತ.

ಪದಗಳಿಂದಲೇ ಹೊಟ್ಟೆ ಹೊರೆಯುವ ಕೆಲಸಗಳೂ ಬಂದಿವೆ. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯರು ಹೇಳಿದ್ದನ್ನು ರಾತ್ರಿ ಕೂತು ಟೈಪಿಸುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಬಂತು, ಬಿ.ಎ., ಬಿ.ಕಾಂ. ಮಾಡಿದವರೂ ಗ್ರೀಕು ಬೇರು ಕಲಿತು ಸಂಬಳ ಎಣಿಸಿದರು. ಈಗ ಕಾಯಿಲೆಗೆ ಸಂಕೇತ ಹಾಕುವ ಕೋಡಿಂಗ್ ಕಾಲ. ಐಸಿಡಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. 2024ರಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಪದಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಲ್ಯಾಬ್, ಡಯಾಲಿಸಿಸ್‌ನಂಥ ಕೋರ್ಸುಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾದರಿ ಪಠ್ಯಕ್ರಮದಲ್ಲಿ ವೈದ್ಯಕೀಯ ಪದಗಳು ಮತ್ತು ದಾಖಲೆ ಇಡುವುದು ಎಂಬುದೇ ಒಂದು ವಿಷಯ.

ವಿಷಯ ಉಂಟು, ಗಂಟೆ ಉಂಟು. ಕಾಲೇಜುಗಳವರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಮೊದಲ ತಿಂಗಳು ಆ ತರಗತಿಗೆ ಪಕ್ಕದ ಹೈಸ್ಕೂಲಿನ ಕನ್ನಡ ಪಂಡಿತರೊಬ್ಬರನ್ನು ಕರೆಸಿ, ಉಪಸರ್ಗ ಮತ್ತು ಸಮಾಸದಿಂದ ಶುರು ಮಾಡಿಸಿ. ತುಳು, ಬ್ಯಾರಿ, ಕೊಂಕಣಿಯಲ್ಲಿ ನೋವಿಗಿರುವ ಹೆಸರುಗಳನ್ನು ಮಕ್ಕಳಿಂದಲೇ ಬರೆಸಿ, ವಾರ್ಡಿನಲ್ಲಿ ಒಂದು ಪಟ್ಟಿ ತೂಗುಹಾಕಿ. ಖರ್ಚೇನೂ ಇಲ್ಲ.