ಐಟಿಐ, ಡಿಪ್ಲೊಮಾ ಮಾಡಿದವರೂ ಬಿಇ ಸೇರಬಹುದು: ವರ್ಷದ ಲೆಕ್ಕ ಏನು, ತೊಡಕು ಎಲ್ಲಿ?

ದಾವಣಗೆರೆ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರವೇ ಮನೆಮನೆಯಲ್ಲಿ ಒಂದು ಮಾತು ಶುರುವಾಗುತ್ತೆ. ಮಗ ಎಂಜಿನಿಯರ್ ಆಗ್ತೀನಿ ಅಂತಾನೆ. ಪಿಯು ಸೈನ್ಸ್‌ಗೆ ಕೋಚಿಂಗ್ ಸೇರಿಸಿ ಎರಡು ವರ್ಷಕ್ಕೆ ಲಕ್ಷಗಟ್ಟಲೆ ಕೇಳ್ತಾರೆ. ಪಾಲಿಟೆಕ್ನಿಕ್‌ಗೆ ಹಾಕೋಣ ಅಂದರೆ ಪಕ್ಕದ ಅಂಗಡಿಯವರು "ಅಯ್ಯೋ, ಡಿಪ್ಲೊಮಾ ಮಾಡಿದ್ರೆ ಅಲ್ಲಿಗೇ ನಿಂತ್ಹೋಗ್ತಾನೆ, ವರ್ಷಾನೂ ಹಾಳು" ಅಂತ ಹೆದರಿಸ್ತಾರೆ. ಅಂಗಡಿಯವರ ಮಾತು ಸರಿಯಲ್ಲ. ಕಾರಣ ತಿಳಿಯಲು ಲೆಕ್ಕ ಹಾಕಿ ನೋಡಿ.

ಪಿಯು ಎರಡು ವರ್ಷ, ಬಿಇ ನಾಲ್ಕು ವರ್ಷ: ಒಟ್ಟು 6. ಡಿಪ್ಲೊಮಾ ಮೂರು ವರ್ಷ, ಆಮೇಲೆ ಬಿಇ ನೇರ ಎರಡನೇ ವರ್ಷಕ್ಕೆ ಸೇರಿ ಮೂರು ವರ್ಷ: ಇದೂ 6. ಒಂದು ದಿನವೂ ನಷ್ಟವಿಲ್ಲ. ಹತ್ತನೇ ಕ್ಲಾಸ್ ಆದಮೇಲೆ ಎರಡು ವರ್ಷದ ಐಟಿಐ ಮಾಡಿ, ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಹೋದರೆ 2+2+3, ಅಂದರೆ 7. ಒಂದೇ ವರ್ಷ ಹೆಚ್ಚು. ಇದನ್ನೇ ಲ್ಯಾಟರಲ್ ಎಂಟ್ರಿ ಅನ್ನೋದು. ಕೊನೆಗೆ ಕೈಗೆ ಬರುವ ಬಿಇ ಪದವಿ ಪಿಯುದಿಂದ ಬಂದವರಿಗೆ ಸಿಗುವುದೇ, ಬೇರೆಯದಲ್ಲ.

ಈ ದಾರಿಯ ನಿಜವಾದ ಲಾಭ ನಡುವೆ ನಿಲ್ಲುವ ಜಾಗಗಳು. ಪಿಯು ಮುಗಿಸಿ ಬಿಇ ಸೇರಿ ಎರಡನೇ ವರ್ಷದಲ್ಲಿ ಮನೆ ಪರಿಸ್ಥಿತಿ ಕೆಟ್ಟು ಬಿಟ್ಟುಬಂದ ಹುಡುಗನ ಕೈಯಲ್ಲಿ ಪಿಯು ಮಾರ್ಕ್ಸ್ ಕಾರ್ಡ್ ಬಿಟ್ಟು ಬೇರೇನೂ ಇರಲ್ಲ. ಐಟಿಐ ಆದವನು ರೈಲ್ವೆ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆ ಬರೆಯಬಹುದು. ಡಿಪ್ಲೊಮಾ ಆದವರಿಗೆ ಕೆಪಿಟಿಸಿಎಲ್, ಲೋಕೋಪಯೋಗಿ ಇಲಾಖೆ, ರೈಲ್ವೆಗಳ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಹತೆ ಇದೆ. ಎಇ, ಅಂದರೆ ಅಸಿಸ್ಟೆಂಟ್ ಎಂಜಿನಿಯರ್ ಆಗಬೇಕಾದರೆ ಬಿಇ ಬೇಕು. ಎರಡು ವರ್ಷ ದುಡಿದು, ತಂಗಿ ಮದುವೆ ಮುಗಿಸಿ, ಆಮೇಲೆ ಬಿಇಗೆ ಹೋಗುವವರೂ ಇದ್ದಾರೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ನಡೆಯುತ್ತಿದ್ದ ಕಾಲ ನೆನಪಿರುವವರಿಗೆ ಟರ್ನರ್, ಫಿಟ್ಟರ್ ಕೈಗಿದ್ದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚಿನ ಮಾತು ಬೇಗ ಮುಗಿಯುತ್ತೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ವರ್ಷದ ಫೀಸು ಕೆಲವೇ ಸಾವಿರ. ಪ್ರವೇಶ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು. ನಮ್ಮೂರಲ್ಲೇ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಹರಿಹರದಲ್ಲಿ ಜಿಟಿಟಿಸಿ ಇದೆ, ಟೂಲ್ ಆ್ಯಂಡ್ ಡೈ ಕೆಲಸ ಕಲಿಯುವವರು ಅದನ್ನೂ ವಿಚಾರಿಸಬಹುದು. ಊರಿಂದ ಬಸ್ಸಲ್ಲಿ ಓಡಾಡಿಕೊಂಡು ಓದಿದರೆ ಹಾಸ್ಟೆಲ್ ಖರ್ಚೂ ಉಳೀತು. ಬಿಇ ಶುರುವಾದ ಮೇಲೆ ಮಾತ್ರ ಖರ್ಚು ಏರುತ್ತೆ, ಆದರೆ ನಾಲ್ಕು ವರ್ಷದ ಬದಲು ಮೂರೇ ವರ್ಷ ಕಟ್ಟಬೇಕು.

ಐಟಿಐನಿಂದ ಹೋಗುವವರು ಒಂದು ಸಂಗತಿ ಮೊದಲೇ ತಿಳಿದಿರಬೇಕು. ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಸಿಗುವುದು ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದ ಟ್ರೇಡ್ ಮುಗಿಸಿದವರಿಗೆ, ಅದೂ ಹೊಂದುವ ಬ್ರಾಂಚ್‌ಗೆ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮಷಿನಿಸ್ಟ್ ಎರಡು ವರ್ಷದವು. ವೆಲ್ಡರ್, ಕೋಪಾ (ಕಂಪ್ಯೂಟರ್ ಟ್ರೇಡ್) ಒಂದೇ ವರ್ಷದವು. "ಬೇಗ ಮುಗಿಯುತ್ತೆ" ಅಂತ ಒಂದು ವರ್ಷದ್ದು ಹಿಡಿದವರಿಗೆ ಈ ಮೆಟ್ಟಿಲು ಇರಲ್ಲ. ಅಡ್ಮಿಷನ್ ಕೌಂಟರ್‌ನಲ್ಲಿ ಇದನ್ನು ಯಾರೂ ತಾವಾಗಿ ಹೇಳಲ್ಲ, ನಾವೇ ಕೇಳಬೇಕು. ಪಿಯು ಸೈನ್ಸ್ ಪಾಸಾಗಿ ಸಿಇಟಿಯಲ್ಲಿ ರ‍್ಯಾಂಕ್ ಬಾರದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಅವರ ಲೆಕ್ಕವೂ 7 ವರ್ಷಕ್ಕೆ ಬರುತ್ತೆ.

ಡಿಸಿಇಟಿ: ಮೊದಲ ವರ್ಷದ ಪುಸ್ತಕ ಮಾರಬೇಡಿ

ಡಿಪ್ಲೊಮಾದಿಂದ ಬಿಇಗೆ ಹೋಗಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾವೆಲ್ಲ ಕೆಇಎ ಅನ್ನೋದು, ಡಿಸಿಇಟಿ ನಡೆಸುತ್ತೆ. ಡಿಪ್ಲೊಮಾದಲ್ಲಿ ಕನಿಷ್ಠ ಶೇ 45 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ಕ್ಕೆ ಶೇ 40. ಸಿ-20 ಪಠ್ಯಕ್ರಮದವರಿಗೆ ಪರೀಕ್ಷೆ 100 ಅಂಕದ್ದು. ಎಂಜಿನಿಯರಿಂಗ್ ಗಣಿತ, ಸ್ಟ್ಯಾಟಿಸ್ಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಹೀಗೆ ಐದು ವಿಷಯಕ್ಕೆ ತಲಾ 20.

ಈ ಪಟ್ಟಿಯನ್ನು ಸ್ವಲ್ಪ ಗಮನಿಸಿ. ಇವು ಹೆಚ್ಚಾಗಿ ಡಿಪ್ಲೊಮಾ ಮೊದಲ ವರ್ಷದ ಪಾಠಗಳು. ಸಿವಿಲ್ ಆಗಲಿ, ಮೆಕ್ಯಾನಿಕಲ್ ಆಗಲಿ, ಮೂರು ವರ್ಷ ಕಲಿತ ಮುಖ್ಯ ವಿಷಯ ಇದರಲ್ಲಿ ಇಲ್ಲ. ಮೊದಲ ವರ್ಷ ಪಾಸಾದ ತಕ್ಷಣ ಪುಸ್ತಕ ಜೂನಿಯರ್‌ಗೆ ಕೊಟ್ಟು, ಕೊನೇ ವರ್ಷ ಇಂಟರ್ನ್‌ಷಿಪ್‌ನಲ್ಲಿ ಮುಳುಗಿದ ಹುಡುಗರಿಗೆ ಇಲ್ಲೇ ಪೆಟ್ಟು ಬೀಳೋದು. ಚೆನ್ನಾಗಿ ಕೆಲಸ ಬಲ್ಲವನು ರ‍್ಯಾಂಕ್‌ನಲ್ಲಿ ಹಿಂದೆ ಬೀಳ್ತಾನೆ. ಈ ಪದ್ಧತಿ ನ್ಯಾಯವೇ ಅಂತ ಕೇಳಿದರೆ ನನಗೇನೂ ಹಾಗನ್ನಿಸಲ್ಲ, ಆದರೆ ಪರೀಕ್ಷೆ ಇರುವುದು ಹೀಗೆ. ಪಠ್ಯಕ್ರಮ ಆಗಾಗ ಬದಲಾಗುತ್ತೆ, ಹಾಗಾಗಿ ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕ ನೋಡಿಯೇ ಓದಲು ಕೂರಬೇಕು. ಯಾವ ಡಿಪ್ಲೊಮಾದವರಿಗೆ ಯಾವ ಬಿಇ ಬ್ರಾಂಚ್ ಅನ್ನೋದೂ ಅದರಲ್ಲೇ ಇರುತ್ತೆ.

ಸೀಟು ಎಲ್ಲಿಂದ ಬರುತ್ತೆ? ಕಾಲೇಜಿಗೆ ಮಂಜೂರಾದ ಸೀಟಿನ ಮೇಲೆ ಶೇ 10 ಲ್ಯಾಟರಲ್‌ಗೆ, ಅದರ ಜೊತೆ ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳು. ಬೇಡಿಕೆ ಇರುವ ಕಂಪ್ಯೂಟರ್ ಸೈನ್ಸ್‌ನಲ್ಲಿ ಖಾಲಿ ಉಳಿಯೋದು ಕಷ್ಟ, ಪೈಪೋಟಿ ಜಾಸ್ತಿ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಅವಕಾಶ ಹೆಚ್ಚು. 1951ರಲ್ಲಿ ಶುರುವಾದ ನಮ್ಮ ಯುಬಿಡಿಟಿಯಂಥ ಕಾಲೇಜಿನ ಸೀಟಿಗೆ ಹೊರ ಜಿಲ್ಲೆಯವರೂ ಕಣ್ಣಿಟ್ಟಿರ್ತಾರೆ ಅನ್ನೋದೂ ಗೊತ್ತಿರಲಿ.

ನಿಜವಾದ ತೊಡಕು ಗಣಿತ

ಲ್ಯಾಟರಲ್‌ನಲ್ಲಿ ಬಂದ ಹುಡುಗ ನೇರ ಮೂರನೇ ಸೆಮಿಸ್ಟರ್‌ಗೆ ಕೂರ್ತಾನೆ. ಪಕ್ಕದಲ್ಲಿ ಕೂತವನು ಪಿಯುನಲ್ಲಿ ಎರಡು ವರ್ಷ, ಬಿಇ ಮೊದಲ ವರ್ಷದಲ್ಲಿ ಎರಡು ಸೆಮಿಸ್ಟರ್ ಗಣಿತ ಮಾಡಿ ಬಂದಿರ್ತಾನೆ. ಇವನು ಗಣಿತ ಮುಟ್ಟಿದ್ದು ಡಿಪ್ಲೊಮಾ ಮೊದಲ ವರ್ಷದಲ್ಲಿ, ಅದೂ ಅಷ್ಟಕ್ಕಷ್ಟೇ. ಬೋರ್ಡ್ ಮೇಲೆ ಲಾಪ್ಲಾಸ್, ಫೋರಿಯರ್ ಶುರುವಾದಾಗ ಇಂಟಿಗ್ರೇಷನ್ ಕೈಯಲ್ಲಿ ಇಲ್ಲದಿದ್ದರೆ ಒಂದು ಸಾಲೂ ಮುಂದೆ ಹೋಗಲ್ಲ. ವಿಟಿಯುಗೂ ಇದು ಗೊತ್ತಿರುವ ವಿಷಯವೇ. 2015, 2018ರ ಸ್ಕೀಮ್‌ಗಳಲ್ಲಿ ಡಿಪ್ಲೊಮಾದವರಿಗೆಂದೇ ಹೆಚ್ಚುವರಿ ಗಣಿತ ಪತ್ರಿಕೆ ಕಡ್ಡಾಯ ಮಾಡಿತ್ತು. ಮೇಲಾಗಿ ಕೌನ್ಸೆಲಿಂಗ್ ಮುಗಿದು ಇವರು ಕಾಲೇಜಿಗೆ ಬರುವಷ್ಟರಲ್ಲಿ ಪಾಠ ಶುರುವಾಗಿ ಕೆಲ ದಿನ ಆಗಿರೋದೂ ಉಂಟು.

ಲ್ಯಾಬ್‌ನಲ್ಲಿ ಇದೇ ಹುಡುಗ ಮುಂದೆ ಇರ್ತಾನೆ. ವರ್ನಿಯರ್ ಹಿಡಿಯೋದು, ಲೇತ್ ಮೇಲೆ ಕೆಲಸ ಕಟ್ಟೋದು, ಮೋಟಾರ್ ವೈಂಡಿಂಗ್ ನೋಡೋದು ಅವನಿಗೆ ಹೊಸದಲ್ಲ. ಪಿಯುದವರು ಅವನನ್ನೇ ಕೇಳ್ತಾರೆ. ಆದ್ದರಿಂದ "ದಡ್ಡರು ಹೋಗುವ ದಾರಿ" ಅನ್ನೋ ಮಾತು ಬಿಟ್ಟುಬಿಡಿ, ಗಣಿತಕ್ಕೊಂದು ವ್ಯವಸ್ಥೆ ಮಾಡಿ. ಡಿಪ್ಲೊಮಾ ಮುಗಿದು ಬಿಇ ಶುರುವಾಗುವ ನಡುವಿನ ತಿಂಗಳುಗಳಲ್ಲಿ ಪಿಯು ಎರಡನೇ ವರ್ಷದ ಗಣಿತ ಪುಸ್ತಕದಿಂದ ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಅಧ್ಯಾಯಗಳನ್ನು ದಿನಕ್ಕೆರಡು ತಾಸು ಮಾಡಿದರೆ ಸಾಕಷ್ಟು ಭಾರ ಇಳಿಯುತ್ತೆ. ಊರಲ್ಲಿ ಪಿಯು ಗಣಿತ ಹೇಳುವ ಮೇಷ್ಟ್ರು ಯಾರಾದರೂ ಇದ್ದೇ ಇರ್ತಾರೆ.

ಇನ್ನೊಂದು ಮಾತು, ಹತ್ತನೇ ಕ್ಲಾಸಿನಲ್ಲೇ ಯೋಚಿಸಬೇಕಾದ್ದು. ಪಾಲಿಟೆಕ್ನಿಕ್ ಹಿಡಿದರೆ ನೀಟ್, ಅಂದರೆ ಡಾಕ್ಟರ್ ದಾರಿ ನೇರವಾಗಿ ಇರಲ್ಲ. ಐಐಟಿಗಳು ಲ್ಯಾಟರಲ್ ಎಂಟ್ರಿ ಕೊಡಲ್ಲ. ಮಗಳಿಗೆ ಎಂಬಿಬಿಎಸ್ ಆಸೆ ಇದ್ದರೆ, ಮಗನಿಗೆ ಜೆಇಇ ಬರೆಯುವ ತಾಕತ್ತು ಇದೆ ಅಂತ ಮೇಷ್ಟ್ರು ಹೇಳಿದರೆ ಪಿಯು ಸೈನ್ಸೇ ಸರಿ.

ಈಗ ಡಿಪ್ಲೊಮಾ ಕೊನೇ ವರ್ಷದಲ್ಲಿ ಇರುವವರ ಮನೆಯವರಿಗೆ: ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಈಗಲೇ ಮಾಡಿಸಿಡಿ. ಕೆಇಎ ಅರ್ಜಿಯಲ್ಲಿ ಅದರ ಆರ್‌ಡಿ ನಂಬರ್ ಕೇಳ್ತಾರೆ, ಕೊನೇ ದಿನ ಸರ್ವರ್ ಬಿಜಿ ಅಂದರೆ ಯಾರೂ ಕಾಯಲ್ಲ. ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಹಳೇ ಶಾಲೆಗೆ ಹೋಗಬೇಕು, ರಜೆ ಶುರುವಾದರೆ ಹೆಡ್‌ಮಾಸ್ಟರ್ ಸಿಗಲ್ಲ. ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರ್‌ನವರ ಕೈಗೆ ಬಿಟ್ಟು ಬರಬೇಡಿ. ಬೇಕಾದ ಕಾಲೇಜು, ಬ್ರಾಂಚ್‌ನ ಕ್ರಮವನ್ನು ಮನೆಯಲ್ಲೇ ಹಾಳೆ ಮೇಲೆ ಬರೆದುಕೊಂಡು ಹೋಗಿ, ಮಗನೋ ಮಗಳೋ ಪಕ್ಕದಲ್ಲೇ ಕೂತು ತುಂಬಿಸಲಿ. ಪಾಸ್‌ವರ್ಡ್ ಅಂಗಡಿಯ ನೋಟ್‌ಬುಕ್ಕಿನಲ್ಲಿ ಬರೆಸಬೇಡಿ.